ಪರಿಯಾ ಕಣಿವೆ: ಹೊಳೆಯನ್ನೇ ದಾರಿ ಮಾಡಿಕೊಂಡು 61 ಕಿಲೋಮೀಟರ್

ಅಮೆರಿಕದ ಯೂಟಾ ಮತ್ತು ಅರಿಝೋನಾ ಗಡಿಯಲ್ಲಿರುವ ಪರಿಯಾ ಕಣಿವೆಯಲ್ಲಿ ಕಾಲುದಾರಿ ಅಂತ ಬೇರೆ ಇಲ್ಲ, ಬಹುಪಾಲು ಹೊಳೆಯೇ ದಾರಿ. ಯೂಟಾದ ವೈಟ್ ಹೌಸ್ ಎಂಬಲ್ಲಿ ಹೊಳೆಗೆ ಇಳಿದರೆ ಹೊರಬರುವುದು ಅರಿಝೋನಾದ ಲೀಸ್ ಫೆರಿಯಲ್ಲಿ, ಪರಿಯಾ ಹೊಳೆ ಹೋಗಿ ಕೊಲೊರಾಡೊ ನದಿಯನ್ನು ಸೇರುವ ಕಡೆ. ದೂರ 38 ಮೈಲಿ, ಅಂದರೆ 61 ಕಿ.ಮೀ. ಇಷ್ಟು ದೂರದಲ್ಲಿ ಇಳಿಯುವ ಎತ್ತರ ನಾನೂರು ಮೀಟರ್ ಕೂಡ ಇಲ್ಲ, ಆದ್ದರಿಂದ ಏರಿಳಿತದ ದಣಿವು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಷ್ಟ ಕೊಡುವುದು ನೀರು. ಕುಡಿಯುವ ನೀರು ಸಿಗುವ ಜಾಗ ಬೆರಳೆಣಿಕೆಯಷ್ಟು, ಕಾಲಿಗೆ ತಾಗುವ ನೀರು ಬಿಡುವುದೇ ಇಲ್ಲ, ಮೇಲಿನಿಂದ ನುಗ್ಗಬಹುದಾದ ನೀರು ಬರುವ ತನಕ ಕಾಣುವುದಿಲ್ಲ. ನನ್ನ ಲೆಕ್ಕಾಚಾರವನ್ನೆಲ್ಲ ನೀರಿನ ಸುತ್ತಲೇ ಮಾಡಿಕೊಂಡೆ.

ಈ ಪ್ರದೇಶ 1984ರಿಂದ ಸಂರಕ್ಷಿತ ಕಾಡುನೆಲ, ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಸರ್ಕಾರಿ ಸಂಸ್ಥೆ. ರಾತ್ರಿ ತಂಗಲು ದಿನಕ್ಕೆ 20 ಜನರಿಗೆ ಮಾತ್ರ ಪರ್ಮಿಟ್, ಒಂದು ತಂಡದಲ್ಲಿ 10 ಜನರಿಗಿಂತ ಹೆಚ್ಚು ಇರುವಂತಿಲ್ಲ. ಬೆಂಕಿ ಹಾಕುವಂತಿಲ್ಲ, ಹಾಗಾಗಿ ಅಡುಗೆಗೆ ಗ್ಯಾಸ್ ಸ್ಟವ್ ಬೇಕೇ ಬೇಕು. ಮಲವನ್ನು ಅದಕ್ಕೆಂದೇ ಇರುವ ಚೀಲದಲ್ಲಿ ಕಟ್ಟಿ ಹೊರಗೆ ಹೊತ್ತು ತರಬೇಕು. ಈ ನಿಯಮದ ಬಗ್ಗೆ ಗೊಣಗುವವರಿದ್ದಾರೆ. ಆದರೆ ಎರಡು ಗೋಡೆಗಳ ನಡುವೆ ಮರಳಿನ ಪಟ್ಟಿಯಷ್ಟೇ ಇರುವ ಜಾಗದಲ್ಲಿ ಹೂಳಲು ನೆಲವೆಲ್ಲಿದೆ? ಹೂತದ್ದು ಮುಂದಿನ ನೆರೆಗೆ ಹೊಳೆ ಸೇರುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇದಕ್ಕೆ ಮೀಸಲಿಟ್ಟು ಬೆನ್ನುಚೀಲದ ಹೊರಗೆ ಕಟ್ಟಿಕೊಂಡರೆ ತೊಂದರೆಯೇ ಇಲ್ಲ.

ಪರ್ಮಿಟ್ ಸಿಕ್ಕಿತು ಅಂದ ಮಾತ್ರಕ್ಕೆ ಇಳಿಯಬಹುದು ಅಂತಲ್ಲ. ಪರಿಯಾ ಹುಟ್ಟುವುದು ಬ್ರೈಸ್ ಕ್ಯಾನಿಯನ್ ಸುತ್ತಲಿನ ಎತ್ತರದ ನೆಲದಲ್ಲಿ. ಅಲ್ಲಿ ಬಿದ್ದ ಮಳೆ ಬರೀ ಬಂಡೆ, ಜೇಡಿಮಣ್ಣಿನ ಮೇಲಿಂದ ಇಂಗದೆ ಜಾರಿ, ಕಣಿವೆಯ ಇಕ್ಕಟ್ಟಿಗೆ ಬರುವಾಗ ಮರದ ದಿಮ್ಮಿಗಳನ್ನು ಉರುಳಿಸುವ ನೆರೆಯಾಗಿರುತ್ತದೆ. ನೀವಿರುವ ಕಡೆ ಆಕಾಶ ನೀಲಿಯಾಗಿಯೇ ಇರಬಹುದು. ಅದಕ್ಕೇ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯ ಕಾಲವನ್ನು ನಾನು ಯೋಚನೆಗೇ ತೆಗೆದುಕೊಳ್ಳಲಿಲ್ಲ. ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಇಲ್ಲವೆ ಅಕ್ಟೋಬರ್ ಒಳ್ಳೆಯದು. ಹವಾಮಾನ ನೋಡುವಾಗ ಹತ್ತಿರದ ಪೇಜ್ ಪಟ್ಟಣದ ಮುನ್ಸೂಚನೆ ಸಾಲದು. ಹೊಳೆಯ ಮೇಲ್ಭಾಗದ ಟ್ರೋಪಿಕ್, ಬ್ರೈಸ್ ಕಡೆಯದನ್ನು ನೋಡಬೇಕು. ಅಮೆರಿಕದ ಭೂವಿಜ್ಞಾನ ಸಂಸ್ಥೆ ಈ ಹೊಳೆಯ ಮೇಲೆ ಎರಡು ಕಡೆ ಹರಿವು ಅಳೆಯುತ್ತದೆ, ಒಂದು ಕಣಿವೆಯ ಮೇಲ್ತುದಿಯಲ್ಲಿ, ಇನ್ನೊಂದು ಲೀಸ್ ಫೆರಿಯಲ್ಲಿ. ನಮಗೆ ಬೇಕಾದದ್ದು ಮೇಲಿನದು. ಕೆಳಗಿನದು ಆಗಲೇ ಹರಿದುಹೋದ ನೀರಿನ ಕಥೆ ಹೇಳುತ್ತದೆ. ಸಾಮಾನ್ಯ ದಿನಗಳಲ್ಲಿ ಹೊಳೆಯ ಹರಿವು ಹತ್ತಿಪ್ಪತ್ತು ಕ್ಯೂಸೆಕ್ ಆಸುಪಾಸು, ನೆರೆ ಬಂದರೆ ಸಾವಿರಗಳಲ್ಲಿ. ಅಂಕಿಗಿಂತ ಹರಿವಿನ ಗ್ರಾಫ್‌ನಲ್ಲಿ ಗೆರೆಯ ಓರೆ ಮುಖ್ಯ: ಹಿಂದಿನ ದಿನಗಳಲ್ಲಿ ಗೆರೆ ಸಪಾಟಾಗಿದ್ದರೆ ಸರಿ, ಏಕಾಏಕಿ ಮೇಲೆದ್ದಿದ್ದರೆ ಕಾಯಬೇಕು. ಬೇಸಿಗೆ ಬಲಿತಾಗ ಮೇಲ್ತುದಿಯಲ್ಲಿ ಹರಿವು ಸೊನ್ನೆ ಅಂತ ತೋರಿಸುವುದೂ ಉಂಟು. ಆಗಲೂ ಕೆಳಗೆ ಒರತೆಗಳು ಹೊಳೆಯನ್ನು ಮತ್ತೆ ಹರಿಸುತ್ತವೆ.

ಕಣಿವೆಯ ಅತಿ ಇಕ್ಕಟ್ಟಾದ ಭಾಗ ಶುರುವಾಗುವುದು ವೈಟ್ ಹೌಸ್‌ನಿಂದ ಸುಮಾರು 6 ಕಿ.ಮೀ. ನಂತರ. 11 ಕಿ.ಮೀ.ಗೆ ಬಕ್‌ಸ್ಕಿನ್ ಎಂಬ ಇನ್ನೂ ಕಿರಿದಾದ ಕೊರಕಲು ಬಂದು ಕೂಡುತ್ತದೆ. ಅದರಾಚೆಗೂ ಸ್ವಲ್ಪ ದೂರ ಗೋಡೆಗಳು ಅಗಲವಾಗುವುದಿಲ್ಲ. ಮೇಲಿನಿಂದ ಕೆಳಕ್ಕೆ ನಡೆಯಬೇಕು ಅನ್ನುವುದಕ್ಕೆ ಮುಖ್ಯ ಕಾರಣ ಇದೇ: ಹತ್ತಿ ತಪ್ಪಿಸಿಕೊಳ್ಳಲು ಜಾಗವಿಲ್ಲದ ಈ ಭಾಗವನ್ನು, ಹವಾಮಾನ ನೋಡಿದ ದಿನವೇ ದಾಟಿಬಿಡಬಹುದು. ಲೀಸ್ ಫೆರಿಯಿಂದ ಮೇಲಕ್ಕೆ ಬಂದರೆ ಇಲ್ಲಿಗೆ ತಲುಪುವ ಹೊತ್ತಿಗೆ ಮುನ್ಸೂಚನೆ ಹಳತಾಗಿರುತ್ತದೆ. ಬಕ್‌ಸ್ಕಿನ್ ಒಳಕ್ಕೆ ಸ್ವಲ್ಪ ಹೋದರೆ ಎತ್ತರದ ಮರಳುದಿಬ್ಬಗಳಿವೆ, ಅನೇಕರು ಮೊದಲ ರಾತ್ರಿ ಅಲ್ಲೇ ತಂಗುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಲ್ಲಿ ನಂಬಬಹುದಾದ ಕುಡಿಯುವ ನೀರಿಲ್ಲ, ಜೊತೆಗೆ ಇಕ್ಕಟ್ಟಿನ ಉಳಿದ ಭಾಗವನ್ನು ಮರುದಿನದ ಗೊತ್ತಿಲ್ಲದ ಹವೆಗೆ ಬಿಟ್ಟಂತಾಗುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟು, ಗಂಟೆಗೆ ಎರಡೂವರೆ ಕಿ.ಮೀ. ಲೆಕ್ಕದಲ್ಲಿ ನಡೆದು, 20 ಕಿ.ಮೀ. ದೂರದ ಬಿಗ್ ಸ್ಪ್ರಿಂಗ್ ಒರತೆಯವರೆಗೆ ಹೋಗಿಯೇ ಬಿಡಾರ ಹೂಡುವುದು ಮೇಲು.

ಇನ್ನು ಹೊಳೆ ದಾಟುವ ವಿಷಯ. ಪ್ರತಿ ತಿರುವಿನಲ್ಲೂ ಒಂದು ದಡ ಗೋಡೆಗೆ ಒತ್ತಿ ಮುಗಿದುಹೋಗುತ್ತದೆ, ಆಗ ಆಚೆ ದಡಕ್ಕೆ ದಾಟಬೇಕು. ನೀರು ಸಾಮಾನ್ಯವಾಗಿ ಹರಡಿನಿಂದ ಮೊಣಕಾಲಿನವರೆಗೆ. ಆದರೆ ಹೂಳು ತುಂಬಿ ಕೆಂಪಗಿರುವುದರಿಂದ ತಳ ಕಾಣುವುದಿಲ್ಲ. ಮೇಲ್ಮೈಯನ್ನು ಓದಿಯೇ ಆಳ ತಿಳಿಯಬೇಕು. ತಿರುವಿನ ಹೊರಬದಿಯಲ್ಲಿ ಹರಿವು ತಳ ಕೊರೆದು ಮಡು ಮಾಡಿರುತ್ತದೆ, ಒಳಬದಿಯಲ್ಲಿ ಮರಳು ಕೂತಿರುತ್ತದೆ. ನೀರು ನಯವಾಗಿ, ಸದ್ದಿಲ್ಲದೆ ಹೋಗುವಲ್ಲಿ ಆಳ. ಅಗಲಕ್ಕೆ ಹರಡಿ ಸಣ್ಣ ಅಲೆಯೆದ್ದು ಸದ್ದು ಮಾಡುವಲ್ಲಿ ತಳದಲ್ಲಿ ಕಲ್ಲಿದೆ, ಗಟ್ಟಿ. ಎರಡು ತಿರುವುಗಳ ನಡುವೆ ಹರಿವು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೊರಳುವ ಜಾಗದಲ್ಲಿ ದಾಟಿದರೆ ಇಂಥ ತಳವೇ ಹೆಚ್ಚಾಗಿ ಸಿಗುತ್ತದೆ. ಊರುಗೋಲನ್ನು ಮುಂದೆ ಚುಚ್ಚಿ, ಅದು ನಿಂತ ಮೇಲೆ ಕಾಲಿಡಬೇಕು. ಮೊಣಕಾಲಿಗಿಂತ ಮೇಲೆ ನೀರಿದ್ದರೆ ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಕೊಳ್ಳುತ್ತೇನೆ. ಬಿದ್ದರೆ ಚೀಲ ಕಳಚಿಕೊಳ್ಳುವಂತಿರಬೇಕು. ಮುಖ ಸೆಳವಿನ ಕಡೆಗೆ, ಹೆಜ್ಜೆ ಅಡ್ಡಡ್ಡ, ಒಂದು ಕಾಲು ಊರಿದ ಮೇಲೇ ಇನ್ನೊಂದನ್ನು ಎತ್ತುವುದು.

ದಾಟುತ್ತಿರುವಾಗ ಅಥವಾ ದಡದಲ್ಲಿದ್ದಾಗ ನೀರಿನ ಬಣ್ಣ ದಟ್ಟವಾದರೆ, ಕಡ್ಡಿ ಕಸ ತೇಲಿ ಬರತೊಡಗಿದರೆ, ಮೇಲಿನಿಂದ ಮೊರೆತ ಕೇಳಿದರೆ, ಚೀಲದ ಆಸೆ ಬಿಟ್ಟಾದರೂ ಎತ್ತರಕ್ಕೆ ಹತ್ತಬೇಕು. ಓಟದಲ್ಲಿ ನೆರೆಯನ್ನು ಸೋಲಿಸಲಾಗದು. ನೆರೆ ಇಳಿಯಲು ಒಂದು ದಿನವೇ ಬೇಕಾಗಬಹುದು, ಹಾಗಾಗಿ ಒಂದು ದಿನದ ಊಟ ಹೆಚ್ಚಿಗೆ ಇರಲೇಬೇಕು.

ಹುದುಲು ಮರಳು ಹೆಚ್ಚು ಸಿಗುವುದು ನೆರೆ ಇಳಿದ ಹೊಸತರಲ್ಲಿ, ನೀರಿನಂಚಿನ ಹೊಳಪಿನ ಸಪಾಟು ಜಾಗಗಳಲ್ಲಿ. ಕಾಲಿಟ್ಟರೆ ನೆಲ ತೊನೆಯುತ್ತದೆ. ನಿಲ್ಲಬಾರದು, ಹೆಜ್ಜೆ ಹಗುರ ಮಾಡಿ ಮುಂದೆ ಸಾಗಬೇಕು. ಸಿಕ್ಕಿಕೊಂಡರೆ ಕಾಲನ್ನು ನೇರ ಮೇಲಕ್ಕೆ ಎಳೆಯುವುದು ವ್ಯರ್ಥ, ಏಕೆಂದರೆ ಪಾದದ ಕೆಳಗೆ ಗಾಳಿ ನುಗ್ಗಲು ಜಾಗವಿರದೆ ಮರಳು ಹಿಡಿದಿಟ್ಟುಕೊಳ್ಳುತ್ತದೆ. ಚೀಲ ಪಕ್ಕಕ್ಕೆಸೆದು, ಹಿಂದಕ್ಕೆ ಕೂತು ಮೈಭಾರ ಹರಡಿ, ಕಾಲನ್ನು ಸಣ್ಣಗೆ ಅಲುಗಿಸುತ್ತಾ ನೀರು ಒಳಗಿಳಿಯಲು ಬಿಟ್ಟರೆ ನಿಧಾನವಾಗಿ ಬಿಡುತ್ತದೆ.

ಈ ದಾರಿಯಲ್ಲಿ ಜನ ಸೋಲುವುದು ಹೆಚ್ಚಾಗಿ ಪಾದದಲ್ಲೇ. ಬೂಟು ಒದ್ದೆಯಾಗುವುದನ್ನು ತಪ್ಪಿಸುವ ಮಾತೇ ಇಲ್ಲಿಲ್ಲ. ನೀರು ನಿರೋಧಕ ಚರ್ಮದ ಬೂಟಿಗೆ ಒಳಬಂದ ನೀರು ಹೊರಹೋಗದೆ ಅದೇ ಹೊರೆಯಾಗುತ್ತದೆ. ಜಾಲರಿ ಬಟ್ಟೆಯ, ಗಟ್ಟಿ ಅಟ್ಟೆಯ ಓಟದ ಶೂ, ತೆಳು ಉಣ್ಣೆ ಕಾಲುಚೀಲ, ಮೇಲಿನಿಂದ ಮರಳು ನುಗ್ಗದಂತೆ ಶೂ ಬಾಯಿ ಮುಚ್ಚುವ ಬಟ್ಟೆಯ ಗೇಟರ್, ಇಷ್ಟು ನಾನು ತೊಟ್ಟದ್ದು. ಚಳಿಯ ದಿನಗಳಲ್ಲಿ ಉಣ್ಣೆಯ ಬದಲು ನಿಯೋಪ್ರೀನ್ ಎಂಬ ರಬ್ಬರಿನ ಕಾಲುಚೀಲ. ಒಳಗೆ ಸೇರಿದ ಮರಳು ಒದ್ದೆ ಚರ್ಮವನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಎರಡು ಗಂಟೆಗೊಮ್ಮೆ ಶೂ ಬಿಚ್ಚಿ, ಕಾಲುಚೀಲ ಜಾಲಾಡಿ, ಬೆರಳ ಸಂದು ತೊಳೆಯಬೇಕು. ಕೆಂಪಗಾದ ಕಡೆ ಬೊಬ್ಬೆ ಏಳುವ ಮೊದಲೇ ಟೇಪ್ ಅಂಟಿಸಬೇಕು, ಅದೂ ಚರ್ಮ ಪೂರ್ತಿ ಒಣಗಿದ ಮೇಲೆ, ಇಲ್ಲದಿದ್ದರೆ ಮೊದಲ ದಾಟಿನಲ್ಲೇ ಕಿತ್ತು ಬರುತ್ತದೆ. ರಾತ್ರಿಗೆಂದು ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಏನೇ ಆದರೂ ನಡೆಯುವಾಗ ಮುಟ್ಟಬಾರದು.

ಕುಡಿಯಲು ಹೊಳೆಯ ನೀರನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಂಡೆ. ಮೇಲೆ ದನ ಮೇಯುತ್ತವೆ, ಬೇಸಾಯವೂ ಇದೆ. ಜೊತೆಗೆ ಹೂಳು ಎಷ್ಟೆಂದರೆ ಫಿಲ್ಟರ್ ಒಂದೆರಡು ಲೀಟರಿಗೇ ಕಟ್ಟಿಕೊಳ್ಳಬಹುದು. ನಂಬಬಹುದಾದದ್ದು ಒರತೆಗಳು: 20ನೇ ಕಿ.ಮೀ. ಹತ್ತಿರ ಬಿಗ್ ಸ್ಪ್ರಿಂಗ್, 35ರ ಸುಮಾರಿಗೆ ಶವರ್ ಸ್ಪ್ರಿಂಗ್, 40ರ ಸುಮಾರಿಗೆ ಹೆಸರಿನಲ್ಲೇ ಎಚ್ಚರಿಕೆ ಇರುವ ಲಾಸ್ಟ್ ರಿಲಯಬಲ್ ಸ್ಪ್ರಿಂಗ್. ಗೋಡೆಯ ಮರಳುಗಲ್ಲು ಮಳೆನೀರನ್ನು ಹೀರಿ ನಿಧಾನವಾಗಿ ಬುಡದಲ್ಲಿ ಜಿನುಗಿಸುತ್ತದೆ. ಗೋಡೆಯಲ್ಲಿ ಜರಿಗಿಡದ ಹಸಿರು ಪಟ್ಟಿ, ಕೆಂಪು ಹೊಳೆಯ ಅಂಚಿನಲ್ಲಿ ಸೇರುವ ತಿಳಿನೀರಿನ ಎಳೆ ಕಂಡರೆ ಒರತೆ ಅಲ್ಲೇ ಇದೆ. ಇಕ್ಕಟ್ಟಿನಲ್ಲಿ ಜಿಪಿಎಸ್ ತಪ್ಪು ಜಾಗ ತೋರಿಸುವುದರಿಂದ ಕಾಗದದ ನಕ್ಷೆಯ ಮೇಲೆ ತಿರುವುಗಳನ್ನು ಎಣಿಸಿಕೊಂಡು ಹೋಗುವುದು ಒಳ್ಳೆಯದು. ಹೊರಡುವಾಗ 5 ಲೀಟರ್ ಹೊತ್ತಿದ್ದೆ. ಒರತೆಯ ನೀರನ್ನೂ ಶುದ್ಧೀಕರಿಸಿಯೇ ಕುಡಿಯಬೇಕು.

ಹೊಳೆ ನೀರೇ ಗತಿಯಾದರೆ, ಮಡಚುವ ಬಕೆಟ್‌ನಲ್ಲಿ ಹಿಡಿದು ನಾಲ್ಕು ಲೀಟರಿಗೆ ಕಾಲು ಟೀ ಚಮಚದಷ್ಟು ಪಟಿಕದ ಪುಡಿ ಹಾಕಿ ಕಲಕಿ ಬಿಡಬೇಕು. ಹೂಳು ಕಂತಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್‌ಗೆ. ಪಟಿಕ ಹೂಳನ್ನು ಕೂರಿಸುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ, ಹೊಲದ ರಾಸಾಯನಿಕವನ್ನು ಫಿಲ್ಟರೂ ತೆಗೆಯುವುದಿಲ್ಲ.

ಬಿಡಾರಕ್ಕೆ ಜಾಗ ಹುಡುಕುವಾಗ ಗೋಡೆಯಲ್ಲಿ, ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಬೇಕು. ಅದಕ್ಕಿಂತ ಮೇಲೆ, ಹಿಂದೆ ಇನ್ನೂ ಹತ್ತಲು ದಾರಿಯಿರುವ ದಿಬ್ಬ ಬೇಕು. ಮರಳಿನಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ದಾರವನ್ನು ಕಲ್ಲಿಗೆ ಕಟ್ಟಿ ಹೂತರೆ ಗಾಳಿಗೆ ತಡೆಯುತ್ತದೆ.

ಶವರ್ ಸ್ಪ್ರಿಂಗ್‌ಗೆ ಸ್ವಲ್ಪ ಮೊದಲು ಸಿಗುವ ರಾಥರ್ ಕವಲಿನಲ್ಲಿ ಸುಮಾರು 75 ಮೀಟರ್ ಅಗಲದ ಕಲ್ಲಿನ ಕಮಾನು ಇದೆ. ಚೀಲ ಕೆಳಗಿಟ್ಟು ಹೋಗಿ ಬರಬಹುದು, ಅಲ್ಲಿ ತಂಗುವಂತಿಲ್ಲ.

ಲಾಸ್ಟ್ ರಿಲಯಬಲ್‌ನಿಂದ ಲೀಸ್ ಫೆರಿಗೆ ಸುಮಾರು 21 ಕಿ.ಮೀ. ಇಲ್ಲಿ ಗೋಡೆಗಳು ದೂರ ಸರಿದು ನೆರಳು ಹೋಗುತ್ತದೆ, ದೊಡ್ಡ ಬಂಡೆಗಳು ಹೊಳೆಯನ್ನು ಅಡ್ಡಗಟ್ಟುವಲ್ಲಿ ದಾರಿ ದಡದ ಮೇಲಕ್ಕೆ ಏರುತ್ತದೆ. ಇಲ್ಲಿ ಹೊಳೆಯನ್ನೇ ಹಿಡಿದು ಹೋಗುವ ಹಟ ಬೇಡ. ಸವೆದ ಕಾಲುದಾರಿ ಮೇಲೆ ಹೋದರೆ ಅದನ್ನೇ ಹಿಡಿಯಬೇಕು. 6 ಲೀಟರ್ ತುಂಬಿಸಿಕೊಂಡು, ಬೆಳಕು ಹರಿಯುವ ಮೊದಲೇ ಹೊರಟೆ. ಬಿಸಿಲು ಏರಿದ ಮೇಲೆ ಈ ಭಾಗ ಬಹಳ ಕಠಿಣ.

ಕಾರನ್ನು ಮೊದಲೇ ಲೀಸ್ ಫೆರಿಯಲ್ಲಿ ನಿಲ್ಲಿಸಿ, ಬಾಡಿಗೆ ಶಟಲ್ ಗಾಡಿಯಲ್ಲಿ ವೈಟ್ ಹೌಸ್‌ಗೆ ಹೋಗುವುದು ಸರಿಯಾದ ಕ್ರಮ. ಹಾಗೆ ಮಾಡಿದರೆ ಕೊನೆಯ ದಿನ ಯಾರದೋ ಗಡಿಯಾರಕ್ಕೆ ಓಡಬೇಕಿಲ್ಲ. ಶಟಲ್ ಸಮಯ ಗೊತ್ತು ಮಾಡುವಾಗ ಯಾವ ರಾಜ್ಯದ ಸಮಯ ಅಂತ ಕೇಳಿಯೇ ಬರೆದುಕೊಳ್ಳಬೇಕು. ಮಾರ್ಚ್‌ನಿಂದ ನವೆಂಬರ್‌ವರೆಗೆ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಅರಿಝೋನಾದ ಈ ಭಾಗ ಇಡುವುದಿಲ್ಲ. ಗಡಿಯ ಹತ್ತಿರ ಫೋನ್ ಯಾವ ಗೋಪುರ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಕಾರಿನಲ್ಲಿ ಕುಡಿಯುವ ನೀರು, ಒಣ ಚಪ್ಪಲಿ, ಹಲ್ಲುಜ್ಜುವ ಹಳೆಯ ಬ್ರಷ್ ಇಟ್ಟಿರಬೇಕು. ಟೆಂಟು, ಚೀಲದ ಜಿಪ್‌ಗಳಲ್ಲಿ ಕೂತ ಹೂಳನ್ನು ಒದ್ದೆಯಿರುವಾಗಲೇ ಆ ಬ್ರಷ್‌ನಿಂದ ಉಜ್ಜಿ ತೆಗೆಯದಿದ್ದರೆ, ಒಣಗಿದ ಮೇಲೆ ಜಿಪ್ ಹಲ್ಲು ಸವೆದು ಮುಚ್ಚಿಕೊಳ್ಳುವುದೇ ಇಲ್ಲ.