ಹಸಿ ಕಸ ಬೇರೆ, ಒಣ ಕಸ ಬೇರೆ: ಮನೆಯಲ್ಲೇ ಶುರು ಮಾಡುವುದು ಹೇಗೆ?

ಓದಿ ಮುಗಿಸಿದ ಪತ್ರಿಕೆಯ ಮೇಲೆ ಎಣ್ಣೆ ಚೆಲ್ಲಿದರೆ ಅದರ ಆಯಸ್ಸು ಅಲ್ಲಿಗೇ ಮುಗಿಯಿತು. ಹಳೆ ಕಾಗದವನ್ನು ನೀರಿನಲ್ಲಿ ನೆನೆಸಿ, ಕದಡಿ, ನಾರು ಬಿಡಿಸಿ ಹೊಸ ಕಾಗದ ಮಾಡುತ್ತಾರೆ. ಎಣ್ಣೆ ನೀರಿಗೆ ಜಗ್ಗುವುದಿಲ್ಲ, ನಾರಿಗೆ ಅಂಟಿಕೊಂಡೇ ಇರುತ್ತದೆ. ಚೊಕ್ಕ ಕಾಗದವಾದರೆ ಅದರ ನಾರನ್ನು ಸುಮಾರು 5ರಿಂದ 7 ಸಲ ಮತ್ತೆ ಬಳಸಬಹುದು. ಅಷ್ಟು ಬಾಳಬೇಕಾದದ್ದು ಹಸಿ ಕಸದ ಜೊತೆ ಒಂದು ರಾತ್ರಿ ಇದ್ದರೆ ಸಾಕು, ಹಾಳು. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಕಸ ಕೈಬಿಡುವ ಗಳಿಗೆಯಲ್ಲೇ ಹಸಿ ಬೇರೆ, ಒಣ ಬೇರೆ ಆಗಬೇಕು. ಆಮೇಲೆ ಬೇರ್ಪಡಿಸೋಣ ಅಂದರೆ ಆಗುವುದಿಲ್ಲ.

ಮೊದಲು ಒಂದು ವಾರ ಸುಮ್ನೆ ನೋಡಿ

ಹೊಸ ಡಬ್ಬಿ ಕೊಳ್ಳಲು ಓಡಬೇಡಿ. ಒಂದು ವಾರ ನಿಮ್ಮ ಮನೆಯಿಂದ ಏನೇನು ಹೊರಹೋಗುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಕೆಟ್ಟುಹೋದ ಊಟ, ಪ್ಯಾಕೆಟ್‌ಗಳು, ಬಾಟಲಿಗಳು, ಹೀಗೆ ಬಂದದ್ದನ್ನೆಲ್ಲ ಬರೆಯಿರಿ. ವಾರದ ಕೊನೆಗೆ ಎರಡು ಮೂರು ವಸ್ತುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಕಸ ಕಡಿಮೆ ಮಾಡುವ ಕೆಲಸ ಅಲ್ಲಿಂದಲೇ ಶುರುವಾಗಲಿ. ಅಡುಗೆ ಸಾಮಾನು ಕೆಡುತ್ತಿದ್ದರೆ ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಇಡಿ. ಬಾಟಲಿ ಜಾಸ್ತಿ ಬರುತ್ತಿದ್ದರೆ ಮತ್ತೆ ತುಂಬಿಸಿಕೊಳ್ಳುವಂಥದ್ದನ್ನು ಹುಡುಕಿ. ಮರುಬಳಕೆ ಎಷ್ಟೇ ಒಳ್ಳೆಯದಾದರೂ ಅದಕ್ಕೂ ನೀರು, ಕರೆಂಟು, ಸಾಗಾಟ ಬೇಕು. ಮನೆಗೆ ಬಾರದ ವಸ್ತುವಿಗೆ ಇದ್ಯಾವುದೂ ಬೇಡ.

ಡಬ್ಬಿ ಎಲ್ಲಿಡಬೇಕು?

ಕಸ ಹುಟ್ಟುವ ಕಡೆಯೇ ಇಡಿ. ಹಸಿ ಕಸದ ಡಬ್ಬಿ ತರಕಾರಿ ಹೆಚ್ಚುವ ಜಾಗದ ಪಕ್ಕದಲ್ಲಿರಲಿ, ಚಿಕ್ಕದಿರಲಿ, ದಿನಾ ಖಾಲಿಯಾಗಲಿ. ಒಳಗೆ ಪ್ಲಾಸ್ಟಿಕ್ ಕವರ್ ಹಾಸಬೇಡಿ. ಆ ಕವರ್ ಗೊಬ್ಬರದಲ್ಲಿ ಚೂರು ಚೂರಾಗಿ ಉಳಿದುಬಿಡುತ್ತದೆ. ಒಣ ಕಸಕ್ಕೆ ದೊಡ್ಡ ಚೀಲ ಸಾಕು. ಅದು ಎರಡು ವಾರ ಇದ್ದರೂ ನಾರುವುದಿಲ್ಲ. ನಾರಿದರೆ ಒಳಗೆಲ್ಲೋ ಹಸಿ ಸೇರಿದೆ ಎಂದೇ ಅರ್ಥ.

ಒಣ ಕಸವನ್ನು ಗುರುತಿಸುವ ಬಗೆ

ಡಬ್ಬಿ, ಬಾಟಲಿಗಳನ್ನು ಫಳಫಳ ತೊಳೆಯಬೇಕಿಲ್ಲ. ಪಾತ್ರೆ ತೊಳೆದು ಉಳಿದ ನೀರಿನಲ್ಲಿ ಒಮ್ಮೆ ಜಾಲಿಸಿ, ಬೋರಲು ಹಾಕಿ ಒಣಗಿಸಿದರೆ ಆಯಿತು.

ಪ್ಲಾಸ್ಟಿಕ್ ಅಡಿಯಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. ತುಂಬಾ ಜನ ಅದನ್ನು ‘ಇದು ಮರುಬಳಕೆ ಆಗುತ್ತದೆ’ ಎಂಬ ಭರವಸೆ ಅಂದುಕೊಂಡಿದ್ದಾರೆ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮವೇ ಶುರು ಮಾಡಿದ ಈ ಗುರುತು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತದೆ. 1 ಅಂದರೆ ಪೆಟ್, ನೀರಿನ ಬಾಟಲಿಯದು. 2 ಅಂದರೆ ಎಚ್‌ಡಿಪಿಇ, ಶಾಂಪೂ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್. ಇವೆರಡಕ್ಕೆ ಬೇಡಿಕೆ ಇದೆ. 5, ಅಂದರೆ ಪಾಲಿಪ್ರೊಪಿಲೀನ್, ಕೆಲವು ಕಡೆ ತೆಗೆದುಕೊಳ್ಳುತ್ತಾರೆ. 3 ಪಿವಿಸಿ. ಅದನ್ನು ಮಾತ್ರ ಪೆಟ್ ಜೊತೆ ಬೆರೆಸಲೇಬೇಡಿ. ಪೆಟ್ ಕರಗಿಸುವ ಶಾಖಕ್ಕೆ ಪಿವಿಸಿ ಆಮ್ಲ ಬಿಡುತ್ತದೆ, ಸ್ವಲ್ಪವೇ ಸೇರಿದರೂ ಇಡೀ ಪಾಕ ಕೆಡುತ್ತದೆ.

ಅಂಕಿ ಇಲ್ಲದ ಕಡೆ ಕೈಯೇ ಪರೀಕ್ಷೆ ಮಾಡಬಲ್ಲದು. ಮಿಂಚುವ ಪ್ಯಾಕೆಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಹಾಗೇ ಮುದುಡಿ ಉಳಿದರೆ ಅಲ್ಯೂಮಿನಿಯಂ ಹಾಳೆ. ಮತ್ತೆ ಬಿಚ್ಚಿಕೊಂಡರೆ ಲೋಹದ ಲೇಪ ಇರುವ ಪ್ಲಾಸ್ಟಿಕ್. ಆ ಪದರಗಳನ್ನು ಬಿಡಿಸುವುದು ಬಹಳ ಕಷ್ಟ. ಅಂಗಡಿಯ ಬಿಲ್ಲನ್ನು ಉಗುರಿನಿಂದ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಶಾಖಕ್ಕೆ ಅಕ್ಷರ ಮೂಡುವ, ರಾಸಾಯನಿಕ ಬಳಿದ ಕಾಗದ. ಪತ್ರಿಕೆಗಳ ಜೊತೆ ಹಾಕಬೇಡಿ. ಡಬ್ಬಿಗೆ ಆಯಸ್ಕಾಂತ ಅಂಟಿದರೆ ಕಬ್ಬಿಣ ಅಥವಾ ಉಕ್ಕು. ತಂಪು ಪಾನೀಯದ ಡಬ್ಬಿಗೆ ಅಂಟದಿದ್ದರೆ ಅಲ್ಯೂಮಿನಿಯಂ, ಅದನ್ನಂತೂ ಬಿಡಲೇಬೇಡಿ. ಅದಿರಿನಿಂದ ಹೊಸದಾಗಿ ಮಾಡುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಿದಾಗ ಸುಮಾರು 95% ಶಕ್ತಿ ಉಳಿಯುತ್ತದೆ.

ಗಾಜಿನಲ್ಲೂ ಜಾತಿ ಇದೆ. ಬಾಟಲಿಯ ಗಾಜು, ಒಲೆಗೆ ತಾಳುವ ಗಾಜು, ಕನ್ನಡಿ, ಇವು ಒಂದೇ ಶಾಖಕ್ಕೆ, ಒಂದೇ ರೀತಿ ಕರಗುವುದಿಲ್ಲ. ಬಾಟಲಿಗಳನ್ನು ಮಾತ್ರ ಒಟ್ಟಿಗೆ ಇಡಿ.

ಹಸಿ ಕಸ ಗೊಬ್ಬರವಾಗಲಿ

ಸಾಧ್ಯವಿದ್ದವರು ಇದನ್ನು ದಯವಿಟ್ಟು ಮಾಡಿ. ಹಸಿ ಕಸ ದೊಡ್ಡ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಅದೇ ಕಸ ಗಾಳಿಯಾಡುವ ಡಬ್ಬಿಯಲ್ಲಿದ್ದರೆ ಮಣ್ಣಿನ ವಾಸನೆಯ ಗೊಬ್ಬರ ಆಗುತ್ತದೆ.

ಸುತ್ತ ತೂತು ಕೊರೆದ ಡಬ್ಬಿ ತಗೊಳ್ಳಿ. ಅಡಿಗೆ ನಾಲ್ಕು ಬೆರಳು ಒಣ ಎಲೆ ಹಾಕಿ. ಆಮೇಲೆ ಒಂದು ಅಳತೆ ಸಿಪ್ಪೆಗೆ ಎರಡರಿಂದ ಮೂರು ಅಳತೆ ಒಣ ಎಲೆ ಅಥವಾ ಹರಿದ ರಟ್ಟು. ಕೊಳೆಸುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ವಾರಕ್ಕೊಮ್ಮೆ ತಿರುವಿ ಹಾಕಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿಯಿದೆ. ಮಾಂಸ, ಹಾಲಿನ ಪದಾರ್ಥ, ಎಣ್ಣೆ ಮನೆಯ ಡಬ್ಬಿಗೆ ಬೇಡ.

ನಾನು ಮೊದಲ ಸಲ ಬರೀ ಸಿಪ್ಪೆ ತುಂಬಿದ್ದೆ. ವಾರದೊಳಗೆ ನೀರೊಡೆದು ಕೆಟ್ಟ ವಾಸನೆ ಬಂತು. ಎಸೆಯಲು ಮನಸ್ಸಾಗದೆ ಎರಡು ಬುಟ್ಟಿ ಒಣ ಎಲೆ ಕಲಸಿದೆ. ನಾಲ್ಕೈದು ದಿನದಲ್ಲಿ ವಾಸನೆ ಹೋಯಿತು. ಅವತ್ತಿನಿಂದ ಮೂಗನ್ನೇ ನಂಬುತ್ತೇನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಬೇಕು. ಮೂಗು ಚುರುಗುಟ್ಟುವ ಅಮೋನಿಯಾ ವಾಸನೆ ಬಂದರೆ ಎಲೆ ಸಾಲದು. ಏನೂ ಆಗದೆ ಹಾಗೇ ಇದ್ದರೆ ನೀರು ಚಿಮುಕಿಸಬೇಕು. ಎರಡು ಮೂರು ತಿಂಗಳಲ್ಲಿ ಸಿಪ್ಪೆಯ ಗುರುತೇ ಸಿಗದ ಕಪ್ಪು ಪುಡಿ ಕೈಗೆ ಬರುತ್ತದೆ.

ಅಪಾಯದ ಕಸ

ಬ್ಯಾಟರಿ, ಟ್ಯೂಬ್‌ಲೈಟ್, ಸೂಜಿ, ಹಳೆ ಔಷಧಿ, ಬಣ್ಣದ ಡಬ್ಬಿ ಎರಡೂ ಡಬ್ಬಿಗೆ ಸೇರಬಾರದು. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಅದರ ತುದಿಗಳಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಬೇರೆ ಡಬ್ಬದಲ್ಲಿಡಿ.

ಅಕ್ಕಪಕ್ಕದವರ ಜೊತೆ

ಒಂದು ಮನೆಯ ನಾಲ್ಕು ಬ್ಯಾಟರಿಗಾಗಿ ಯಾರೂ ಬರುವುದಿಲ್ಲ. ಇಪ್ಪತ್ತು ಮನೆಯವರು ಒಂದೇ ಡಬ್ಬದಲ್ಲಿ ಕೂಡಿಟ್ಟರೆ ಒಬ್ಬರು ಹೋಗಿ ಕೊಟ್ಟು ಬರಬಹುದು, ಅಲ್ವಾ? ಗಾಜು, ರಟ್ಟುಗಳಿಗೂ ಇದೇ ಮಾತು. ಒಣ ಎಲೆ ಇದ್ದವರು ಇಲ್ಲದವರಿಗೆ ಕೊಡಲಿ. ನಿಮ್ಮ ಕಡೆ ಕಸ ತೆಗೆದುಕೊಳ್ಳುವವರನ್ನೇ ಕೇಳಿ: ಯಾವುದು ಬೇಕು, ಯಾವುದು ಬೇಡ? ಅವರು ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಅನುಮಾನ ಇರುವುದನ್ನು ‘ಏನೋ ಆಗಬಹುದು’ ಎಂದು ಒಣ ಕಸಕ್ಕೆ ಹಾಕಬೇಡಿ. ಅದನ್ನು ಆರಿಸಿ ತೆಗೆಯುವ ಕೆಲಸ ಇನ್ನೊಬ್ಬರ ತಲೆಗೆ ಬೀಳುತ್ತದೆ.

ಆ ಕೆಲಸವನ್ನು ಎಷ್ಟೋ ಕಡೆ ಬರಿಗೈಯಲ್ಲೇ ಮಾಡುತ್ತಾರೆ. ಡೈಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಬೇರೆಯಾಗಿ ಕೊಡಿ. ಒಡೆದ ಗಾಜನ್ನು ದಪ್ಪ ರಟ್ಟಿನಲ್ಲಿ ಕಟ್ಟಿ, ಮೇಲೆ ‘ಗಾಜು’ ಎಂದು ಬರೆಯಿರಿ. ಕೊಡುವಾಗ ಬಾಯಲ್ಲೂ ಒಮ್ಮೆ ಹೇಳಿ.