ಒಂದೇ ಹಿಟ್ಟು, ಮೂರು ಸಾಲು: ಮಕ್ಕಳ ಬೆಳಗಿನ ಸಿಹಿ ರೋಲ್

ನಮ್ಮ ಮನೆಯಲ್ಲಿ ಮೂರು ಮಕ್ಕಳು, ಮೂರು ನಾಲಿಗೆ. ದೊಡ್ಡವಳಿಗೆ ಚಕ್ಕೆ ಪುಡಿಯ ಘಮ ಬೇಕು, ಜೊತೆಗೆ ಒಣದ್ರಾಕ್ಷಿ ಬೇಕು. ನಡುವಿನವನಿಗೆ ಚಾಕೊಲೇಟ್ ಬಿಟ್ಟರೆ ಬೇರೆ ಸಿಹಿ ಸಿಹಿಯೇ ಅಲ್ಲ. ಚಿಕ್ಕವಳಿಗೆ ಹಲ್ಲಿಗೆ ಏನೂ ಸಿಗಬಾರದು. ದ್ರಾಕ್ಷಿ, ಬೀಜ, ಚಾಕೊಲೇಟ್ ಚೂರು ಏನಾದರೂ ಸಿಕ್ಕರೆ ಸಾಕು, ತಟ್ಟೆ ಪಕ್ಕಕ್ಕೆ ಹೋಗುತ್ತದೆ.

ರಜೆಯ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿಯಾಗಿ ಏನಾದರೂ ತಿನ್ನಬೇಕು ಅನ್ನೋದು ನನ್ನ ಆಸೆ. ಆದರೆ ಮೂವರಿಗೂ ಮೂರು ತಿಂಡಿ ಬೇಕ್ ಮಾಡುವ ಶಕ್ತಿ ಯಾರಿಗಿದೆ? ಅದಕ್ಕೇ ಸಿಹಿ ರೋಲ್‌ಗಳನ್ನು ಆರಿಸಿಕೊಂಡೆ. ಹಿಟ್ಟು ಒಂದೇ. ರುಚಿ ಬೇರೆಯಾಗುವುದು ಲಟ್ಟಿಸಿದ ಮೇಲೆ, ಒಳಗೆ ಹೂರಣ ಸವರುವಾಗ ಮಾತ್ರ. ಅಲ್ಲಿಯವರೆಗಿನ ಕೆಲಸವೆಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ. ಮಫಿನ್‌ನಲ್ಲೂ ಹಿಟ್ಟು ಹಂಚಬಹುದು, ನಿಜ. ಆದರೆ ರೋಲ್‌ಗಳನ್ನು ಹಿಂದಿನ ರಾತ್ರಿಯೇ ಸುತ್ತಿ ಫ್ರಿಜ್‌ನಲ್ಲಿಡಬಹುದು. ಬೆಳಿಗ್ಗೆ ಓವನ್‌ಗೆ ಹಾಕಿದರೆ ಆಯಿತು.

ಹಿಟ್ಟಿನ ಲೆಕ್ಕ ಹೀಗಿದೆ. ಮೈದಾ 500 ಗ್ರಾಂ, ಹಾಲು 290 ಮಿಲಿ, ಸಕ್ಕರೆ 60 ಗ್ರಾಂ, ಬೆಣ್ಣೆ 70 ಗ್ರಾಂ, ಒಂದು ಮೊಟ್ಟೆ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ. ಮೊಟ್ಟೆ ತಿನ್ನದವರಿದ್ದರೆ ಅದರ ಬದಲು 50 ಗ್ರಾಂ ಮೊಸರು ಹಾಕುತ್ತೇನೆ. ರೋಲ್ ಸ್ವಲ್ಪ ಕಡಿಮೆ ಉಬ್ಬುತ್ತದೆ, ರುಚಿಗೆ ಕೊರತೆಯಿಲ್ಲ. ದಯವಿಟ್ಟು ಲೋಟದ ಅಳತೆ ಬೇಡ, ತೂಕ ಮಾಡಿ. ಲೋಟಕ್ಕೆ ಮೈದಾ ಒತ್ತಿ ತುಂಬಿದರೆ ಒಂದು ತೂಕ, ಸುಮ್ನೆ ಉದುರಿಸಿದರೆ ಇನ್ನೊಂದು ತೂಕ. ಯೀಸ್ಟ್ ಹಿಟ್ಟಿಗೆ ಆ ವ್ಯತ್ಯಾಸವೇ ಸಾಕು.

ಮೊದಲು 500 ಗ್ರಾಂ ಮೈದಾದಿಂದ 30 ಗ್ರಾಂ ತೆಗೆದು, 150 ಮಿಲಿ ಹಾಲಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸುತ್ತೇನೆ. ಸುಮಾರು 65 ಡಿಗ್ರಿಗೆ ಬಂದಾಗ ಅದು ಗಟ್ಟಿ ಗಂಜಿಯ ಹಾಗೆ ಆಗುತ್ತದೆ. ಚಮಚ ಎಳೆದರೆ ಪಾತ್ರೆಯ ತಳದಲ್ಲಿ ಗೆರೆ ಉಳಿಯಬೇಕು. ಬೇಯಿಸಿದ ಹಿಟ್ಟು ಹಸಿ ಹಿಟ್ಟಿಗಿಂತ ತುಂಬಾ ಜಾಸ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರೋಲ್ ಮಾರನೆಯ ದಿನವೂ ಮೆತ್ತಗೇ ಇರುತ್ತದೆ. ಮೆತ್ತಗಿರುವುದು ಚಿಕ್ಕ ಮಕ್ಕಳಿಗೆ ರುಚಿಯಷ್ಟೇ ಮುಖ್ಯ. ಆದ್ದರಿಂದ ಈ ಐದು ನಿಮಿಷದ ಕೆಲಸವನ್ನು ನಾನು ಬಿಡುವುದಿಲ್ಲ.

ಈ ಗಂಜಿ ಪೂರ್ತಿ ಆರಬೇಕು. ಯೀಸ್ಟ್ 60 ಡಿಗ್ರಿಯ ಹತ್ತಿರದ ಬಿಸಿಯಲ್ಲಿ ಸತ್ತೇ ಹೋಗುತ್ತದೆ. ಉಳಿದ 140 ಮಿಲಿ ಹಾಲು ಕೂಡ ಉಗುರುಬೆಚ್ಚಗಿದ್ದರೆ ಸಾಕು. ಆಮೇಲೆ ಬೆಣ್ಣೆ ಬಿಟ್ಟು ಎಲ್ಲವನ್ನೂ ಕಲಸಿ ಏಳೆಂಟು ನಿಮಿಷ ನಾದಬೇಕು. ಬೆಣ್ಣೆ ಕೊನೆಗೆ, ಸ್ವಲ್ಪ ಸ್ವಲ್ಪವಾಗಿ. ಮೊದಲೇ ಹಾಕಿದರೆ ಜಿಡ್ಡು ಹಿಟ್ಟಿಗೆ ಹತ್ತಿಕೊಂಡು, ಎಳೆ ಕಟ್ಟುವುದು ತಡವಾಗುತ್ತದೆ. ಬೆಣ್ಣೆ ಹಾಕಿದ ತಕ್ಷಣ ಹಿಟ್ಟು ಜಾರುತ್ತದೆ, ಕೈಗೆ ಅಂಟುತ್ತದೆ, ಕೆಟ್ಟೇ ಹೋಯಿತೇನೋ ಅನ್ನಿಸುತ್ತದೆ. ಆಗ ಮೈದಾ ಸುರಿಯಬೇಡಿ. ನಾದುತ್ತಾ ಹೋದರೆ ಹತ್ತು ನಿಮಿಷದಲ್ಲಿ ಅದಾಗಿಯೇ ಕೂಡಿಕೊಂಡು ನುಣುಪಾಗುತ್ತದೆ. ಚಿಕ್ಕ ತುಂಡೊಂದನ್ನು ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ತೆಳ್ಳಗಾಗಿ, ಆಚೆ ಬದಿಯ ಬೆರಳು ಮಸುಕಾಗಿ ಕಂಡರೆ ಹದ ಬಂದಿದೆ ಅಂತ ಅರ್ಥ. ಮುಚ್ಚಿಟ್ಟು, ಸುಮಾರು ಎರಡರಷ್ಟು ಉಬ್ಬುವವರೆಗೆ ಬಿಡಿ. ಒಂದರಿಂದ ಒಂದೂವರೆ ಗಂಟೆ ಬೇಕು.

ಹಿಟ್ಟು ಉಬ್ಬುವ ಹೊತ್ತಿಗೆ ಮೂರು ಹೂರಣ ಸಿದ್ಧ ಮಾಡಿಕೊಳ್ಳುತ್ತೇನೆ.

ದೊಡ್ಡವಳದು 25 ಗ್ರಾಂ ಮೆತ್ತಗಿನ ಬೆಣ್ಣೆ, 35 ಗ್ರಾಂ ಕಂದು ಸಕ್ಕರೆ, ಒಂದೂವರೆ ಟೀ ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು. ಇದಕ್ಕೆ ಒಂದು ಟೀ ಚಮಚ ಮೈದಾವನ್ನೂ ಸೇರಿಸುತ್ತೇನೆ. ರಾತ್ರಿಯಿಡೀ ಫ್ರಿಜ್‌ನಲ್ಲಿರುವಾಗ ಸಕ್ಕರೆ ಹಿಟ್ಟಿನ ನೀರನ್ನು ಎಳೆದುಕೊಂಡು ಪಾಕವಾಗಿ ಕೆಳಗಿಳಿಯುತ್ತದೆ, ಮೈದಾ ಅದನ್ನು ತಡೆಯುತ್ತದೆ. ಇನ್ನೊಂದು ಮಾತು. ಘಮ ಜಾಸ್ತಿ ಬರಲಿ ಅಂತ ಚಕ್ಕೆ ಪುಡಿಯನ್ನು ಹಿಟ್ಟಿಗೇ ಕಲಸಬೇಡಿ. ಚಕ್ಕೆಗೆ ಪರಿಮಳ ಕೊಡುವ ಎಣ್ಣೆಯೇ ಯೀಸ್ಟ್ ಕೆಲಸವನ್ನು ನಿಧಾನ ಮಾಡುತ್ತದೆ. ಹೂರಣದಲ್ಲಿದ್ದರೆ ತೊಂದರೆಯಿಲ್ಲ. ಒಣದ್ರಾಕ್ಷಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ ಹಾಕುತ್ತೇನೆ. ಒಣಗಿದ್ದನ್ನು ಹಾಗೇ ಹಾಕಿದರೆ ಮೇಲೆ ಇಣುಕಿದ ದ್ರಾಕ್ಷಿ ಸೀದು ಕಹಿಯಾಗುತ್ತದೆ.

ನಡುವಿನವನದು 25 ಗ್ರಾಂ ಬೆಣ್ಣೆ, 25 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ಕೋಕೋ ಪುಡಿ. ಎಲ್ಲವನ್ನೂ ಕಲಸಿ ಸವರಿ, ಮೇಲೆ 30 ಗ್ರಾಂ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಉದುರಿಸುವುದು. ಸ್ವಲ್ಪ ಕಹಿ ಇರುವ ಚಾಕೊಲೇಟೇ ಇಲ್ಲಿಗೆ ಸರಿ. ಬೇಯುವಾಗ ಅದರ ರುಚಿ ಮಂಕಾಗದೆ ಉಳಿಯುತ್ತದೆ.

ಚಿಕ್ಕವಳ ಹೂರಣ ನನಗೆ ತುಂಬಾ ಇಷ್ಟವಾದ ಕೆಲಸ. ಒಂದು ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಅತಿ ಸಣ್ಣ ತೂತಿನ ತುರಿಮಣೆಯಲ್ಲಿ ತುರಿಯಬೇಕು. ಬಣ್ಣದ ಭಾಗ ಮಾತ್ರ, ಅದರ ಕೆಳಗಿನ ಬಿಳಿ ಪದರ ಕಹಿ. ಆ ತುರಿಯನ್ನು 30 ಗ್ರಾಂ ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತಾ ಹೋಗಿ. ಒಣಗಿದ್ದ ಸಕ್ಕರೆ ಮೆಲ್ಲಗೆ ಒದ್ದೆ ಮರಳಾಗುತ್ತದೆ, ತೆಳು ಕಿತ್ತಳೆ ಬಣ್ಣ ಬರುತ್ತದೆ, ಅಡುಗೆಮನೆ ತುಂಬಾ ಪರಿಮಳ ಏಳುತ್ತದೆ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿದಿದೆ ಅಂತ ಅದರ ಅರ್ಥ. ಇದನ್ನು 20 ಗ್ರಾಂ ಬೆಣ್ಣೆಗೆ ಕಲಸಿದರೆ ಮುಗಿಯಿತು. ತುರಿ ಅಷ್ಟು ಸಣ್ಣಗಿದ್ದರೆ ಹಲ್ಲಿಗೆ ಏನೂ ಸಿಗುವುದಿಲ್ಲ. ಚಿಕ್ಕವಳು ರೋಲನ್ನು ಕಚ್ಚಿ ತಿನ್ನುವುದಿಲ್ಲ. ಹೊರಗಿನ ತುದಿ ಹಿಡಿದು ಪಟ್ಟಿಯ ಹಾಗೆ ಬಿಚ್ಚುತ್ತಾಳೆ, ಒಳಬದಿಯನ್ನು ನೋಡುತ್ತಾಳೆ, ಆಮೇಲೆ ಬಾಯಿಗಿಡುತ್ತಾಳೆ. ಅವಳ ಪರೀಕ್ಷೆಯಲ್ಲಿ ಪಾಸಾದ ಹೂರಣ ಇದು!

ಕೆಲವರು ಜಾಮ್ ಸವರುತ್ತಾರೆ. ನಾನು ಬೇಡ ಅಂತಲೇ ಹೇಳುತ್ತೇನೆ. ಜಾಮ್ ಬಿಸಿಗೆ ತೆಳ್ಳಗಾಗಿ ಕುದಿದು ಹೊರಗೆ ಹರಿದು, ಪಕ್ಕದ ಸಾಲಿನ ರೋಲಿಗೂ ಅಂಟುತ್ತದೆ. ಮೂರು ರುಚಿ ಒಂದೇ ಟ್ರೇಯಲ್ಲಿ ಇರುವಾಗ ಅದು ಜಗಳಕ್ಕೆ ದಾರಿ.

ಉಬ್ಬಿದ ಹಿಟ್ಟನ್ನು ತೂಕ ನೋಡಿ ಮೂರು ಸಮ ಪಾಲು ಮಾಡುತ್ತೇನೆ. ಒಂದೊಂದು ಪಾಲು 320 ಗ್ರಾಂ ಆಸುಪಾಸು ಬರುತ್ತದೆ. ಪ್ರತಿ ಪಾಲನ್ನೂ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿ, ಹೂರಣ ಸವರಿ, ಅಗಲದ ಬದಿಯಿಂದ ಸುತ್ತಿಕೊಂಡು ಬರಬೇಕು. ಬಿಗಿಯಾಗಿ ಎಳೆದು ಸುತ್ತಿದರೆ ಬೇಯುವಾಗ ನಡುಭಾಗ ಮೇಲಕ್ಕೆ ಎದ್ದು ನಿಲ್ಲುತ್ತದೆ. ಸುಮ್ನೆ ಉರುಳಿಸಿದಷ್ಟು ಬಿಗಿ ಸಾಕು. ಕತ್ತರಿಸಲು ಚಾಕು ಬೇಡ, ದಾರ ಸಾಕು. ಸುರುಳಿಯ ಕೆಳಗೆ ದಾರ ತೂರಿಸಿ, ಎರಡೂ ತುದಿಯನ್ನು ಮೇಲೆ ತಂದು ಅಡ್ಡ ಹಾಯಿಸಿ ಎಳೆಯಿರಿ. ರೋಲ್ ಚಪ್ಪಟೆಯಾಗದೆ ದುಂಡಗೆ ಕತ್ತರಿಸಿ ಬರುತ್ತದೆ. ಒಂದೊಂದು ಸುರುಳಿಯಲ್ಲಿ ಐದು ರೋಲ್. ಕಿತ್ತಳೆಯದನ್ನು ಮೊದಲು ಕತ್ತರಿಸಿ, ಚಾಕೊಲೇಟಿನದನ್ನು ಕೊನೆಗೆ ಇಟ್ಟುಕೊಂಡರೆ ದಾರ ತೊಳೆಯುತ್ತಾ ಕೂರಬೇಕಾಗಿಲ್ಲ.

ಟ್ರೇಯಲ್ಲಿ ಯಾವ ಸಾಲು ಎಲ್ಲಿ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಮಕ್ಕಳ ಇಷ್ಟ ಅಂದರೆ ನಾವು ರುಚಿಯನ್ನಷ್ಟೇ ಯೋಚಿಸುತ್ತೇವೆ, ಅಲ್ವಾ? ನನ್ನ ಮಕ್ಕಳನ್ನು ನೋಡುತ್ತಾ ನನಗೆ ಅನ್ನಿಸಿದ್ದು ಬೇರೆ. ಒಂದು ತಿಂಡಿ ತಟ್ಟೆಯಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಅನೇಕ ಸಲ ನಿರ್ಧರಿಸುವುದು ಅದು ಮೆತ್ತಗಿದೆಯೋ ಗರಿಗರಿಯಾಗಿದೆಯೋ ಅನ್ನುವುದು. ನನ್ನ ಟ್ರೇ 23 × 33 ಸೆಂಟಿಮೀಟರಿನದು. ಐದೈದು ರೋಲಿನ ಮೂರು ಸಾಲು ಸರಿಯಾಗಿ ಕೂರುತ್ತವೆ. ಟ್ರೇಯ ಅಂಚಿಗೆ ತಾಗಿದ ರೋಲಿನ ಬದಿ ಕೆಂಪಗಾಗಿ ಗಟ್ಟಿಯಾಗುತ್ತದೆ. ನಡುವಿನ ಸಾಲಿಗೆ ಎರಡೂ ಕಡೆ ಬೇರೆ ರೋಲ್‌ಗಳ ಆಸರೆ ಇರುವುದರಿಂದ ಬದಿಗಳು ಬಿಳಿಯಾಗಿ, ಹತ್ತಿಯಷ್ಟು ಮೆತ್ತಗೆ ಉಳಿಯುತ್ತವೆ. ಹಾಗಾಗಿ ನಡುವಿನ ಸಾಲು ಯಾವಾಗಲೂ ಚಿಕ್ಕವಳದೇ. ದೊಡ್ಡವಳಿಗೆ ಅಂಚಿನ ಗರಿಗರಿ ಇಷ್ಟ, ಅದರಲ್ಲೂ ಮೂಲೆಯದು. ಅವಳ ಚಕ್ಕೆ ರೋಲ್‌ಗಳು ಒಂದು ಅಂಚಿಗೆ, ಚಾಕೊಲೇಟ್ ಇನ್ನೊಂದು ಅಂಚಿಗೆ. ಸಾಲುಗಳ ನಡುವೆ ಬೇಕಿಂಗ್ ಪೇಪರಿನ ಪಟ್ಟಿ ನಿಲ್ಲಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುವುದಿಲ್ಲ.

ಮನೆಗೆ ಬರುವ ಮಗುವಿಗೆ ಬೀಜಗಳ ಅಲರ್ಜಿ ಇದ್ದರೆ ಮಾತ್ರ ಈ ಸಾಲು-ಪಟ್ಟಿಯ ಲೆಕ್ಕ ನಡೆಯುವುದಿಲ್ಲ. ಆಗ ಯಾವ ಸಾಲಿನ ಹೂರಣಕ್ಕೂ ಬೀಜ ಸೇರಿಸುವುದಿಲ್ಲ, ಚಾಕೊಲೇಟ್ ಪೊಟ್ಟಣದ ಮೇಲಿನ ಬರಹವನ್ನೂ ಓದುತ್ತೇನೆ. ಅದರಲ್ಲಿ ರಾಜಿ ಇಲ್ಲ.

ಸುರುಳಿ ಕತ್ತರಿಸುವ ಮೊದಲು ಎರಡೂ ತುದಿಯಲ್ಲಿ ಸೊಟ್ಟಗಿರುವ ಚೂರನ್ನು ತೆಗೆದಿಡುತ್ತೇನೆ. ಮೂರು ಸುರುಳಿಯಿಂದ ಆರು ಚೂರು. ಅವನ್ನೆಲ್ಲ ಒಂದು ಚಿಕ್ಕ ಬಟ್ಟಲಲ್ಲಿ ಒತ್ತೊತ್ತಾಗಿ ಇಟ್ಟು ಜೊತೆಗೇ ಬೇಯಿಸುತ್ತೇನೆ. ಈ ಬಟ್ಟಲು ಯಾರದ್ದೂ ಅಲ್ಲ, ಎಲ್ಲರದ್ದು. ತಿನ್ನು ಅಂತ ಯಾರನ್ನೂ ಒತ್ತಾಯಿಸುವುದಿಲ್ಲ, ಮೇಜಿನ ಮಧ್ಯೆ ಇಡುತ್ತೇನೆ ಅಷ್ಟೆ. ಹೊಸ ರುಚಿಯೊಂದನ್ನು ಮಗು ಒಪ್ಪಿಕೊಳ್ಳಲು ಅದು ಹಲವು ಸಲ ಕಣ್ಣಿಗೆ ಬೀಳಬೇಕು, ನಾಲಿಗೆಗೆ ತಾಗಬೇಕು. ನಡುವಿನವನು ಚಕ್ಕೆಯ ರುಚಿ ಹತ್ತಿಸಿಕೊಂಡಿದ್ದು ಈ ಬಟ್ಟಲಿನಿಂದಲೇ. ಚಾಕೊಲೇಟ್ ಚೂರಿಗೆ ಕೈ ಹಾಕುವಾಗ ಅದಕ್ಕೆ ಅಂಟಿಕೊಂಡ ಚಕ್ಕೆಯದೂ ಬಂತು, ತಿಂದ, ಮುಂದಿನ ಸಲ ಅದನ್ನೇ ಹುಡುಕಿದ.

ಟ್ರೇಯನ್ನು ಬಿಗಿಯಾಗಿ ಮುಚ್ಚಿ ರಾತ್ರಿ ಫ್ರಿಜ್‌ಗೆ ಇಡುತ್ತೇನೆ. ಎಂಟರಿಂದ ಹನ್ನೆರಡು ಗಂಟೆ ಇರಬಹುದು. ತಣ್ಣಗಿರುವಲ್ಲಿ ಯೀಸ್ಟ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆ ನಿಧಾನದಿಂದ ಹಿಟ್ಟಿಗೆ ರುಚಿಯೂ ಕೂಡುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಹೊರಗೆ ತೆಗೆದಿಟ್ಟರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ರೋಲ್‌ಗಳು ಹಿಗ್ಗಿ ಒಂದಕ್ಕೊಂದು ತಾಗುತ್ತವೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ನಿಧಾನವಾಗಿ ತುಂಬಿದರೆ ಓವನ್‌ಗೆ ಹೋಗಬಹುದು. ಪಟಕ್ಕನೆ ಪುಟಿದರೆ ಇನ್ನೂ ಹತ್ತು ನಿಮಿಷ ಬಿಡಿ. ಗಡಿಯಾರಕ್ಕಿಂತ ನಾನು ಬೆರಳನ್ನೇ ನಂಬುತ್ತೇನೆ. ಬೇಸಿಗೆಗೂ ಚಳಿಗೂ ಸಮಯ ಒಂದೇ ಆಗಿರುವುದಿಲ್ಲ.

180 ಡಿಗ್ರಿಯಲ್ಲಿ 22ರಿಂದ 26 ನಿಮಿಷ. ಚೂರುಗಳ ಬಟ್ಟಲು ಐದಾರು ನಿಮಿಷ ಮೊದಲೇ ಬೆಂದಿರುತ್ತದೆ, ಅದನ್ನು ತೆಗೆದುಬಿಡಿ. ಮೇಲೆ ಬೇಗ ಕೆಂಪಾದರೆ ಟ್ರೇ ಮೇಲೆ ಫಾಯಿಲ್ ಹೊದಿಸಿ. ಬೆಂದಿದೆಯೇ ಅಂತ ನೋಡುವುದಾದರೆ ನಡುವಿನ ಸಾಲಿನ ನಟ್ಟನಡುವಿನ ರೋಲನ್ನೇ ನೋಡಬೇಕು, ಕೊನೆಗೆ ಬೇಯುವುದು ಅದು. ಥರ್ಮಾಮೀಟರ್ ಚುಚ್ಚಿದರೆ 88ರಿಂದ 90 ಡಿಗ್ರಿ ತೋರಿಸಬೇಕು.

ಸಿಹಿಯ ಬಗ್ಗೆಯೂ ನನಗೆ ಕಾಳಜಿ ಇದೆ. ಹಿಟ್ಟಿನ 60 ಗ್ರಾಂ, ಮೂರು ಹೂರಣದ 90 ಗ್ರಾಂ ಸೇರಿ 15 ರೋಲಿಗೆ 150 ಗ್ರಾಂ ಸಕ್ಕರೆ. ಅಂದರೆ ಒಂದಕ್ಕೆ ಸುಮಾರು 10 ಗ್ರಾಂ, ಚಾಕೊಲೇಟಿನದಕ್ಕೆ ಇನ್ನು ಸ್ವಲ್ಪ ಜಾಸ್ತಿ. ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸೇರಿಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1500 ಕ್ಯಾಲೊರಿ ತಿನ್ನುವ ಮಗುವಿಗೆ ಅದು 37 ಗ್ರಾಂ ಆಗುತ್ತದೆ. ಹಾಗಾಗಿ ನಾನು ಟ್ರೇ ಮೇಲೆಲ್ಲ ಐಸಿಂಗ್ ಸುರಿಯುವುದಿಲ್ಲ. ನಾಲ್ಕು ದೊಡ್ಡ ಚಮಚ ಐಸಿಂಗ್ ಸಕ್ಕರೆಗೆ ಎರಡು ಟೀ ಚಮಚ ಹಾಲು ಕಲಸಿ ಬಟ್ಟಲಲ್ಲಿ ಇಡುತ್ತೇನೆ. ಬೇಕಾದವರು ಅದ್ದಿಕೊಳ್ಳುತ್ತಾರೆ. ದೊಡ್ಡವಳು ಈಗೀಗ ಅದನ್ನು ಮುಟ್ಟುವುದೇ ಇಲ್ಲ. ಜೊತೆಗೆ ಹಾಲು, ಹಣ್ಣು, ಒಂದೊಂದು ಬೇಯಿಸಿದ ಮೊಟ್ಟೆ ಇರುತ್ತದೆ. ಬರೀ ರೋಲ್ ತಿಂದರೆ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು ಅಂತ ಬರುತ್ತಾರೆ.

ಉಳಿದ ರೋಲ್‌ಗಳನ್ನು ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿ ಹೊರಗಿಗಿಂತ ಬೇಗ ಬಿರುಸಾಗುತ್ತವೆ. ಎರಡು ದಿನಕ್ಕಾದರೆ ಮುಚ್ಚಿದ ಡಬ್ಬಿಯಲ್ಲಿ ಹೊರಗೇ ಇರಲಿ. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಪೂರ್ತಿ ಆರಿದ ಮೇಲೆ ಒಂದೊಂದನ್ನೇ ಸುತ್ತಿ ಫ್ರೀಜರ್‌ಗೆ ಹಾಕಿ, ಸುತ್ತಿದ್ದರ ಮೇಲೆ ಯಾವ ರುಚಿ ಅಂತ ಬರೆದಿಡಿ. ಬೇಕೆಂದಾಗ ತೆಗೆದು, ಫಾಯಿಲ್ ಮುಚ್ಚಿ 150 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಬಿಸಿ ಮಾಡಿದರೆ ಮೊದಲಿನಷ್ಟೇ ಮೆತ್ತಗಾಗುತ್ತವೆ. ಅಂಚಿನ ಗರಿಗರಿ ಬೇಕೆನ್ನುವವರಿಗೆ ಕೊನೆಯ ಮೂರು ನಿಮಿಷ ಫಾಯಿಲ್ ತೆಗೆಯಿರಿ.