ತೆಂಗಿನಕಾಯಿಗೆ ಗುಂಡು: ಗುರಿಗಿಂತ ಮೊದಲು ಹಿಂದಿನ ಬರೆ (ಮಣ್ಣಿನ ದಿಬ್ಬ) ನೋಡಿ

ಸೆಪ್ಟೆಂಬರ್ ಬಂತೆಂದರೆ ಕೊಡಗಿನಲ್ಲಿ ಕೈಲ್‌ಪೊಳ್ದ್. ನಾಟಿ ಮುಗಿದು, ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜಿಸುವ ಹಬ್ಬ. ಮೊದಲೆಲ್ಲ ಇದರ ಜೊತೆ ಬೇಟೆಯೂ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ತಡೆ ಹಾಕಿತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಮಾತ್ರ ಉಳಿದಿದೆ, ಉಳಿಯಲೂ ಬೇಕು. ನಿಮ್ಮೂರಲ್ಲೂ ಪಂದ್ಯ ಇಡುವುದಾದರೆ ಕಾಗದಪತ್ರದಿಂದಲೇ ಶುರು ಮಾಡಿ.

ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹಾಗಂತ ಜನ ಸೇರಿದ ಕಡೆ ಸುಮ್ನೆ ಗುಂಡು ಹಾರಿಸುವಂತಿಲ್ಲ. ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಡಿಸಿ ಕಚೇರಿ, ಪೊಲೀಸ್ ಠಾಣೆ ಎರಡರಲ್ಲೂ ಬರಹದಲ್ಲೇ ಅನುಮತಿ ಕೇಳಿ. ಬೇರೆಯವರ ಕೋವಿಯಲ್ಲಿ ಹೊಡೆಯಬಹುದೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ಅಭಯಾರಣ್ಯದೊಳಗಿನ ದಾರಿಯಲ್ಲಿ ಕೋವಿ ತರುವುದು ಬೇಡ.

ಇನ್ನು ಜಾಗ. ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಪಾಯಿಂಟ್ 22 ರೈಫಲ್ಲಿನ ಪುಟ್ಟ ಗುಂಡು ಅಡ್ಡಿ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ದಾಟಿಯೂ ಹೋಗುತ್ತದೆ. ಕಾಯಿಯನ್ನು ಮರದ ತುದಿಗೆ ಕಟ್ಟಿ ಆಕಾಶದ ಕಡೆ ಹೊಡೆದರೆ ಗುರಿ ತಪ್ಪಿದ ಗುಂಡು ಯಾರ ತೋಟದಲ್ಲಿ ಬೀಳುತ್ತದೋ! ಕಾಯಿಯ ಹಿಂದೆ ಎತ್ತರದ ಮಣ್ಣಿನ ಬರೆ ಇರಲೇಬೇಕು. ತೀರಾ ತಪ್ಪಾಗಿ ಹೊಡೆದ ಗುಂಡೂ ಅದರಲ್ಲೇ ಹೂತುಹೋಗುವಷ್ಟು ಅಗಲ ಬೇಕು. ಬರೆಯನ್ನು ಹತ್ತಿರ ಹೋಗಿ ಕೈಯಿಂದ ಕೆದಕಿ ನೋಡಿ. ಕಲ್ಲು ಸಿಕ್ಕರೆ ತೆಗೆದುಹಾಕಿ, ಬಂಡೆ ಕಂಡರೆ ಜಾಗವನ್ನೇ ಬದಲಿಸಿ. ಕಲ್ಲಿಗೂ ನೀರಿಗೂ ತಾಗಿದ ಗುಂಡು ಎತ್ತಲಾದರೂ ಚಿಮ್ಮಬಹುದು. ನೀರು ನಿಂತ ಗದ್ದೆಯ ಕಡೆಗೂ ಹೊಡೆಯಬಾರದು. ಕಾಯಿ ಇಡಲು ಕಬ್ಬಿಣದ ಸರಳು ಬೇಡ, ಮರದ ಗೂಟ ಸಾಕು. ಬರೆಯ ಹಿಂದೆ ಕಾಲುದಾರಿ, ತೋಟದ ಕಾರ್ಮಿಕರ ಲೈನ್ ಮನೆ ಇದೆಯಾ ಎಂದು ನಡೆದೇ ನೋಡಿ ಬನ್ನಿ.

ಹೊಡೆಯುವವರೆಲ್ಲ ಒಂದೇ ಗೆರೆಯ ಮೇಲೆ ನಿಲ್ಲಬೇಕು. ನೋಡುವವರು ಅವರ ಹಿಂದೆ, ಹಗ್ಗದಾಚೆ. ಅಪ್ಪಣೆ ಕೊಡುವವರು ಒಬ್ಬರೇ ಇರಲಿ. ಅವರು ಹೇಳುವವರೆಗೆ ತೋಟಾ ತುಂಬುವಂತಿಲ್ಲ, ಟ್ರಿಗರ್ ಮೇಲೆ ಬೆರಳು ಇಡುವಂತಿಲ್ಲ. ನಳಿಗೆ ಸದಾ ಬರೆಯ ಕಡೆಗೇ ಇರಬೇಕು. ಆದರೆ 'ನಿಲ್ಲಿಸಿ' ಎಂದು ಯಾರು ಬೇಕಾದರೂ ಕೂಗಬಹುದು, ಸಣ್ಣ ಮಕ್ಕಳು ಕೂಗಿದರೂ ನಿಲ್ಲಿಸಬೇಕು. ತೋಟಾ ಸಿಡಿಯದಿದ್ದರೆ ನಳಿಗೆ ತಿರುಗಿಸದೆ 30 ಸೆಕೆಂಡ್ ಕಾದು, ಆಮೇಲೆ ತೆಗೆಯಿರಿ. ಕುಡಿದು ಬಂದವರು ಎಷ್ಟೇ ಹತ್ತಿರದ ನೆಂಟರಾದರೂ ಕೋವಿ ಮುಟ್ಟಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ.

ಕಿವಿಗೆ ಇಯರ್ ಮಫ್, ಕಣ್ಣಿಗೆ ಕನ್ನಡಕ ಎಲ್ಲರಿಗೂ ಬೇಕು. ಕಾಯಿ ಬದಲಿಸಲು ಹೋಗುವ ಮುನ್ನ ಪ್ರತಿ ಕೋವಿಯನ್ನೂ ಖಾಲಿ ಮಾಡಿ, ತೆರೆದು, ನೆಲಕ್ಕಿಡಿಸಿ. ಗುಂಡಿನಲ್ಲಿರುವ ಸೀಸ ಮೈಗೆ ವಿಷ. ಊಟದ ಪಂಕ್ತಿಗೆ ಕೂರುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಖಾಲಿ ತೋಟಾಗಳನ್ನು ಅವತ್ತೇ ಹೆಕ್ಕಿಬಿಡಿ. ಮರುದಿನ ಅದೇ ಗದ್ದೆಯಲ್ಲಿ ಮಕ್ಕಳು ಆಡುತ್ತಾರೆ, ಅಲ್ವಾ?